ನಿಮಿಷಕ್ಕೆ ಎಷ್ಟು ಬಿತ್ತು? ಬುಲೆಟ್ ರೈಲಿಗೆ ನಾನು ಬರೆದ ಕಿರ್ದಿ

ಕಲಬುರಗಿಯ ಗಂಜ್‌ನಲ್ಲಿ ತೊಗರಿ ಅಡತಿ ಅಂಗಡಿಯೊಂದರ ಲೆಕ್ಕ ಬರೆಯುವುದು ನನ್ನ ಕೆಲಸ. ಇಪ್ಪತ್ತಾರು ವರ್ಷ ಆಯಿತು. ಕಂಪ್ಯೂಟರ್ ಬಂದರೂ ಕಿರ್ದಿ ಪುಸ್ತಕ ಬಿಟ್ಟಿಲ್ಲ. ರೈಲು ನನ್ನ ವಿಷಯವೇ ಅಲ್ಲ. ಅದಕ್ಕೆ ಕೈ ಹಾಕಿದ್ದು ಚಹಾದ ಅಂಗಡಿಯ ಮಾತಿನಿಂದ.

ಮುಂಬೈ–ಹೈದರಾಬಾದ್ ಬುಲೆಟ್ ರೈಲಿನ ನಕ್ಷೆಯಲ್ಲಿ ಕಲಬುರಗಿಗೂ ಒಂದು ಸ್ಟೇಷನ್ ಇದೆ ಅಂತ ಸುದ್ದಿ ಬಂದಿತ್ತು. ಪುಣೆ, ಪಂಢರಪುರ, ಸೊಲ್ಲಾಪುರ ದಾಟಿ ನಮ್ಮೂರು, ಆಮೇಲೆ ಜಹೀರಾಬಾದ್. ಒಟ್ಟು 711 ಕಿ.ಮೀ. ಅವತ್ತು ಅಲ್ಲಿ ಕೂತವರೆಲ್ಲ ಊರ ಹೊರಗಿನ ಜಮೀನು ಎಕರೆಗೆ ಎಷ್ಟಾಗುತ್ತದೆ ಅಂತಲೇ ಮಾತಾಡಿದರು. ರೈಲಿಗೆ ಎಷ್ಟಾಗುತ್ತದೆ ಅಂತ ಒಬ್ಬರೂ ಕೇಳಲಿಲ್ಲ. ನನಗೆ ರಾತ್ರಿ ಅದೇ ತಲೆಯಲ್ಲಿ ಕೊರೆಯಿತು.

ಮರುದಿನ ಒಂದು ಹಳೆಯ ನೋಟ್‌ಬುಕ್ ತೆಗೆದೆ. ಮೊದಲು ಬರೆದಿದ್ದು ಮುಂಬೈ–ಅಹಮದಾಬಾದ್ ಲೆಕ್ಕ, ಯಾಕೆಂದರೆ ನಮ್ಮ ದೇಶದಲ್ಲಿ ಕೆಲಸ ಶುರುವಾದ ಬುಲೆಟ್ ಮಾರ್ಗ ಅದು. 508 ಕಿ.ಮೀ., ಮೊದಲ ಅಂದಾಜು 1.08 ಲಕ್ಷ ಕೋಟಿ ರೂಪಾಯಿ. 2017ರ ಸೆಪ್ಟೆಂಬರ್‌ನಲ್ಲಿ ಅಡಿಗಲ್ಲು. ಭಾಗಿಸಿದರೆ ಕಿಲೋಮೀಟರಿಗೆ 212 ಕೋಟಿ ಚಿಲ್ಲರೆ. ಪಕ್ಕದಲ್ಲಿ ನಮ್ಮ ಬೀದರ್–ಕಲಬುರಗಿ ಮಾರ್ಗ ಬರೆದೆ. 110 ಕಿ.ಮೀ., ಮುಗಿಯುವಷ್ಟರಲ್ಲಿ 1,500 ಕೋಟಿ ದಾಟಿತ್ತು. ಕಿಲೋಮೀಟರಿಗೆ 14 ಕೋಟಿ. ಅಂದರೆ ಅಲ್ಲಿನ ಒಂದು ಕಿಲೋಮೀಟರಿನ ದುಡ್ಡಿಗೆ ಇಲ್ಲಿ ಹದಿನೈದು ಕಿಲೋಮೀಟರ್! ಖುಷಿಯಾಗಿ ಅಣ್ಣನ ಮಗನಿಗೆ ತೋರಿಸಿದೆ. ಅವನು ಸಿವಿಲ್ ಓದಿದವನು, ರಸ್ತೆ ಗುತ್ತಿಗೆ ಕೆಲಸದಲ್ಲಿದ್ದಾನೆ.

“ಕಾಕಾ, ಬೈಲಿಕ್ಕೇ ಲೆಕ್ಕ ಹಾಕೀರಿ ನೀವು” ಅಂದ.

ಅವನು ಹೇಳಿದ್ದು ಸರಿಯೇ ಇತ್ತು. ಒಂದು ಮಾರ್ಗ ಬಹುಪಾಲು ಕಂಬಗಳ ಮೇಲೆ ಹೋಗುತ್ತದೆ, ಜೋಡಿ ಹಳಿ, ವಿದ್ಯುತ್, ಗಂಟೆಗೆ 320 ಕಿ.ಮೀ. ವೇಗ. ಇನ್ನೊಂದು ನೆಲದ ಮೇಲಿನ ಒಂಟಿ ಹಳಿ. ಮೇಲಾಗಿ ನಮ್ಮ ಮಾರ್ಗದ ದುಡ್ಡು ಇಪ್ಪತ್ತು ವರ್ಷದಲ್ಲಿ ಸ್ವಲ್ಪ ಸ್ವಲ್ಪ ಖರ್ಚಾಗಿದ್ದು. 1998ರ ರೂಪಾಯಿಯೂ 2017ರ ರೂಪಾಯಿಯೂ ಒಂದೇ ಅಂತ ಕೂಡಿಸಿದ್ದೆ. ಅಂಗಡಿಯ ಹುಡುಗ ಹಾಗೆ ಮಾಡಿದ್ದರೆ ನಾನೇ ಬೈಯುತ್ತಿದ್ದೆ. ಆ ಹಾಳೆಗೆ ಅಡ್ಡಗೀಟು ಎಳೆದೆ.

ಹಾಗಾದರೆ ಯಾವ ಅಳತೆ ಸರಿ? ಹುಡುಕುವಾಗ ಯುರೋಪಿನ ಲೆಕ್ಕಪರಿಶೋಧಕರು 2018ರಲ್ಲಿ ಮಾಡಿದ ವರದಿ ಸಿಕ್ಕಿತು. ಆಡಿಟ್ ಅಂದ ಕೂಡಲೇ ನನಗೆ ನಮ್ಮವರೇ ಅನ್ನಿಸಿತು. ಅವರು ಹತ್ತು ಹೈಸ್ಪೀಡ್ ಮಾರ್ಗ ತಗೊಂಡು, ಒಂದು ನಿಮಿಷ ಉಳಿಸಲು ಎಷ್ಟು ಖರ್ಚಾಯಿತು ಅಂತ ನೋಡಿದ್ದರು. ನಾಲ್ಕು ಮಾರ್ಗದಲ್ಲಿ ನಿಮಿಷಕ್ಕೆ 10 ಕೋಟಿ ಯೂರೋಗೂ ಜಾಸ್ತಿ ಬಿದ್ದಿತ್ತು. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಹಿಡಿಯಿತು. ಅಷ್ಟು ದುಡ್ಡು ಸುರಿದ ಹಳಿಗಳ ಮೇಲೆ ರೈಲುಗಳು ಸರಾಸರಿ ಓಡುತ್ತಿದ್ದದ್ದು ಅವುಗಳಿಗೆ ಗೊತ್ತುಮಾಡಿದ ವೇಗದ ಶೇ 45ರಷ್ಟರಲ್ಲಿ. ನೂರು ಚೀಲದ ಗೋದಾಮು ಕಟ್ಟಿ ನಲವತ್ತೈದು ಚೀಲ ಇಟ್ಟ ಹಾಗೆ.

ನಮ್ಮದಕ್ಕೂ ಹಾಕಿದೆ. ವಂದೇ ಭಾರತ್‌ನಲ್ಲಿ ಮುಂಬೈಯಿಂದ ಅಹಮದಾಬಾದಿಗೆ ಸುಮಾರು ಐದೂವರೆ ಗಂಟೆ. ಕಡಿಮೆ ಕಡೆ ನಿಲ್ಲುವ ಬುಲೆಟ್ ರೈಲಿಗೆ 2 ಗಂಟೆ 7 ನಿಮಿಷ ಅಂತ ಹೇಳಿದ್ದಾರೆ. ಇನ್ನೂರ ಮೂರು ನಿಮಿಷ ಉಳಿತಾಯ. ನಿಮಿಷಕ್ಕೆ 530 ಕೋಟಿ ರೂಪಾಯಿ ಚಿಲ್ಲರೆ. ಎರಡು ಸಲ ಕೂಡಿ ಕಳೆದು ನೋಡಿದೆ. ಯುರೋಪಿನ ಆ ನಾಲ್ಕು ಮಾರ್ಗಕ್ಕಿಂತ ನಮ್ಮದು ಅಗ್ಗವೇ ಆಯಿತು! ನಾನು ಬೈಯಲು ಹೊರಟವನು, ಲೆಕ್ಕ ನನ್ನ ಮಾತು ಕೇಳಲಿಲ್ಲ. ಆದರೆ ಅದು ಮೊದಲ ಅಂದಾಜಿನ ಲೆಕ್ಕ. ಮೊದಲ ಅಂದಾಜಿನಲ್ಲಿ ಮನೆ ಕಟ್ಟಿ ಮುಗಿಸಿದವರು ಕಲಬುರಗಿಯಲ್ಲಿ ಯಾರಾದರೂ ಇದ್ದರೆ ಹೇಳಿ.

ಕ್ಯಾಲಿಫೋರ್ನಿಯಾದ ಜನ 2008ರಲ್ಲಿ ಮತ ಹಾಕಿ ತಮ್ಮ ಬುಲೆಟ್ ರೈಲು ಒಪ್ಪಿದಾಗ ಅಂದಾಜು 3,300 ಕೋಟಿ ಡಾಲರ್. ಈಗ ಮಾತು 10,000 ಕೋಟಿ ಡಾಲರಿನ ಆಸುಪಾಸು ಓಡುತ್ತಿದೆ, ರೈಲು ಇನ್ನೂ ಓಡಿಲ್ಲ. ಇಂಗ್ಲೆಂಡಿನವರು ಖರ್ಚು ತಾಳಲಾರದೆ 2023ರಲ್ಲಿ ತಮ್ಮ ಹೈಸ್ಪೀಡ್ ಮಾರ್ಗದ ಮ್ಯಾಂಚೆಸ್ಟರ್ ಕಡೆಯ ಭಾಗವನ್ನೇ ಕೈಬಿಟ್ಟರು. “ಜಪಾನ್ ನೋಡ್ರಿ ಕಾಕಾ” ಅಂದ ಅಣ್ಣನ ಮಗ. ನೋಡಿದೆ. ಅಲ್ಲೂ 1964ರ ಮೊದಲ ಶಿಂಕಾನ್‌ಸೆನ್, ಅಂದರೆ ಅವರ ಬುಲೆಟ್ ರೈಲಿನ ಖರ್ಚು ಹೆಚ್ಚುಕಡಿಮೆ ದುಪ್ಪಟ್ಟಾಯಿತು. ರೈಲ್ವೆ ಅಧ್ಯಕ್ಷ ಶಿಂಜಿ ಸೋಗೋ ಉದ್ಘಾಟನೆಗೆ ಮುಂಚೆ, 1963ರಲ್ಲೇ ಹುದ್ದೆ ಬಿಡಬೇಕಾಯಿತು. ಆದರೆ ಆ ರೈಲು ತುಂಬಿ ಓಡಿತು, ದುಡ್ಡು ದುಡಿಯಿತು. ಟೋಕಿಯೊ–ಒಸಾಕಾ ನಡುವೆ ಅಷ್ಟು ಜನ. ಆ ಜನವನ್ನು ನಮ್ಮ ಕಡೆ ಎಲ್ಲಿಂದ ತರೋಣ?

ಸಾಲದ ಮಾತು ಬಂದಾಗ ಮಾತ್ರ ನನಗೆ ಕಲಿಯುವುದು ಏನೂ ಇರಲಿಲ್ಲ. ಮುಂಬೈ–ಅಹಮದಾಬಾದ್ ಖರ್ಚಿನ ಶೇ 81ರಷ್ಟು ಜಪಾನ್ ಸಾಲ. ಬಡ್ಡಿ ಶೇ 0.1, ತೀರಿಸಲು 50 ವರ್ಷ, ಮೊದಲ 15 ವರ್ಷ ಕಂತಿಲ್ಲ. ಪುಕ್ಕಟೆ ಅಂತಾರೆ. ನಾನು ಅಸಲು ಯಾವ ನಾಣ್ಯದಲ್ಲಿದೆ ಅಂತ ನೋಡುತ್ತೇನೆ. ಇದು ಯೆನ್‌ನಲ್ಲಿದೆ. 2007ರಲ್ಲಿ ಒಂದು ಯೆನ್ 35 ಪೈಸೆ ಆಸುಪಾಸು ಇತ್ತು. 2012ರಲ್ಲಿ 65 ಪೈಸೆ. ಐದೇ ವರ್ಷ! ಬಡ್ಡಿ ಸೊನ್ನೆಯಾಗಿದ್ದರೂ ಅಂಥ ಏರಿಕೆಯಲ್ಲಿ ಅಸಲೇ ಬೆಳೆಯುತ್ತದೆ. 2017ರ ನಂತರ ಅಂಥ ಏರಿಕೆ ಆಗಿಲ್ಲ ನಿಜ, ಇಲ್ಲಿವರೆಗೆ ನಸೀಬು ನೆಟ್ಟಗಿದೆ. ಮುಂದೆ ದಶಕಗಳಿವೆ.

ಇಷ್ಟಾದ ಮೇಲೆ ಬೀದರ್ ಮಾರ್ಗಕ್ಕೂ ಅದೇ ಅಳತೆ ಹಿಡಿಯಬೇಕಲ್ವಾ? ಇಲ್ಲಿ ನನಗೆ ಮುಖ ಸಪ್ಪಗಾಯಿತು. ಮಂಜೂರಾಗಿದ್ದು 1997–98ರಲ್ಲಿ, ಸುಮಾರು 370 ಕೋಟಿಗೆ. ಉದ್ಘಾಟನೆ 2017ರ ಅಕ್ಟೋಬರ್ 29. ಖರ್ಚು ನಾಲ್ಕು ಪಟ್ಟು. ಮರಗುತ್ತಿ ಹತ್ತಿರ ಸುರಂಗ ಕೊರೆಯಬೇಕಿತ್ತು, ಆದರೆ ಅದೊಂದೇ ಕಾರಣ ಅಂತ ಹೇಳಲು ಬಾಯಿ ಬರುವುದಿಲ್ಲ. ವರ್ಷ ವರ್ಷ ಚೂರುಪಾರು ದುಡ್ಡು ಕೊಟ್ಟು ಎಳೆದರೆ ಸಿಮೆಂಟು, ಕಬ್ಬಿಣ, ಕೂಲಿ ಎಲ್ಲ ಏರುತ್ತವೆ. ಬುಲೆಟ್ ಅಂತ ಹೆಸರಿಲ್ಲದ, ಮೆಲ್ಲಗೆ ಹೋಗುವ ರೈಲೂ ಹೀಗೆ ದುಡ್ಡು ನುಂಗುತ್ತದೆ. ಕಮಲಾಪುರದ ನಮ್ಮ ಮನೆಯಲ್ಲಿ “ರೈಲು ಬರ್ತದ” ಅಂತ ಕೇಳುತ್ತಲೇ ನನ್ನ ಕೂದಲು ಬೆಳ್ಳಗಾದವು.

ನಿಮಿಷದ ಲೆಕ್ಕವೂ ಇಲ್ಲಿ ಕೂರಲಿಲ್ಲ. ಮುಂಚೆ ಬೀದರ್‌ನಿಂದ ರೈಲಿನಲ್ಲೇ ಬರಬೇಕೆಂದರೆ ವಿಕಾರಾಬಾದ್, ತಾಂಡೂರು, ವಾಡಿ ಸುತ್ತಿ ಬರಬೇಕಿತ್ತು. ಎರಡರಷ್ಟು ದೂರ. ಹಾಗೆ ಯಾರೂ ಬರುತ್ತಿರಲಿಲ್ಲ, ಬಸ್ಸಿಗೆ ಹುಮನಾಬಾದ್ ಮೇಲೆ ಬರುತ್ತಿದ್ದರು. ಇಲ್ಲದ ಪ್ರಯಾಣದಲ್ಲಿ ಎಷ್ಟು ನಿಮಿಷ ಉಳಿಯಿತು ಅಂತ ಬರೆಯಲಿ? ಅದಕ್ಕೆ ಹೊಸ ಕಾಲಂ ಎಳೆದೆ: ಯಾರು ಕೂರುತ್ತಾರೆ.

ಈ ಕಾಲಂ ಎಳೆದ ಮೇಲೆ ನನ್ನ ಸಿಟ್ಟು ಎಲ್ಲಿ ಕೂರಬೇಕೋ ಅಲ್ಲಿ ಕೂತಿತು. ಯಾದಗಿರಿ ಸ್ಟೇಷನ್ನಿನಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿ ನೋಡಿದ್ದೀರಾ? ಮುಂಬೈ, ಪುಣೆಗೆ ದುಡಿಯಲು ಗುಳೆ ಹೋಗುವವರು ಗಂಟು, ಮಕ್ಕಳ ಸಮೇತ ಬಾಗಿಲಲ್ಲಿ ನೇತಾಡುತ್ತಿರುತ್ತಾರೆ. ಅವರಿಗೆ ಬೇಕಾದ್ದು ನಿಮಿಷ ಅಲ್ಲ, ಕೂರುವ ಜಾಗ. 2024ರ ಮಾರ್ಚ್‌ನಲ್ಲಿ ಕಲಬುರಗಿ–ಬೆಂಗಳೂರು ವಂದೇ ಭಾರತ್ ಬಂತು, ನಾನೂ ಹತ್ತಿದೆ, ಚೆನ್ನಾಗಿದೆ. ಆದರೆ ಎಲ್ಲ ಎಸಿ, ಜನರಲ್ ಬೋಗಿ ಒಂದೂ ಇಲ್ಲ. ಗುಳೆ ಹೋಗುವವರ ಹೆಸರು ಆ ಕಾಲಮ್ಮಿನಲ್ಲಿ ಬರುವುದಿಲ್ಲ, ಬುಲೆಟ್ ರೈಲಿನಲ್ಲಂತೂ ಬರುವುದೇ ಇಲ್ಲ. ಹಾಗಾಗಿ 711 ಕಿಲೋಮೀಟರಿಗೆ ಹಳೆಯ ದರದಲ್ಲೇ ಒಂದೂವರೆ ಲಕ್ಷ ಕೋಟಿ ಅಂತ ಕೆಳಗೆ ಬರೆದು, ಸದ್ಯಕ್ಕೆ ಬೇಡ ಅಂತ ಷರಾ ಹಾಕಿದೆ.

ಬೀದರ್ ಮಾರ್ಗದ ಕಾಲಂ ಮಾತ್ರ ಖಾಲಿ ಉಳಿದಿತ್ತು. ಅಲ್ಲಿ ಓಡುವುದೇ ಬೆರಳೆಣಿಕೆಯ ರೈಲು. ಹೋದ ತಿಂಗಳು ಭಾನುವಾರ ಅದರಲ್ಲಿ ಹುಮನಾಬಾದ್‌ವರೆಗೆ ಹೋಗಿ, ಪ್ರತಿ ಸ್ಟೇಷನ್ನಿನಲ್ಲಿ ಹತ್ತಿದವರಿಗೆ, ಇಳಿದವರಿಗೆ ಗೀಟು ಹಾಕಿಕೊಂಡು ಬಂದೆ. ಅಣ್ಣನ ಮಗ ನೋಟ್‌ಬುಕ್ ನೋಡಿ ನಕ್ಕ. “ಕಾಕಾ, ಐತಾರ ಯಾರು ಹೋಗ್ತಾರ್ರಿ? ಕೋರ್ಟು, ಕಾಲೇಜು, ಗಂಜ್ ಎಲ್ಲ ಬಂದ್.”

ಸಾವಕಾರರಿಗೆ ಸೋಮವಾರ ರಜೆ ಕೇಳಿದ್ದೇನೆ. ತೊಗರಿ ಆವಕ ಕಡಿಮೆಯಾಗಲಿ, ನೋಡೋಣ ಅಂದಿದ್ದಾರೆ.