ಬಿಪಿ ಇಳಿಯಿತೋ, ಬಿತ್ತೋ?

ನಾನು ಓದಿದ್ದು ಹಾಸನ ಕಡೆಯ ಹಳ್ಳಿಯಲ್ಲಿ, ಕನ್ನಡ ಮೀಡಿಯಂ. ನರ್ಸಿಂಗ್ ಮುಗಿಸಿ ಇಂಗ್ಲೆಂಡಿಗೆ ಬರಲು ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಕಟ್ಟಿದೆ. ಅದರಲ್ಲಿ ಗ್ರಾಫ್ ನೋಡಿ ವಿವರಿಸುವ ಪ್ರಶ್ನೆ ಬರುತ್ತದೆ. ಅದಕ್ಕೆಂದೇ ಡಿಕ್ರೀಸ್, ಡಿಕ್ಲೈನ್, ಡ್ರಾಪ್, ಫಾಲ್ ಅಂತ ಉರು ಹೊಡೆದಿದ್ದೆ. ಎಲ್ಲದರ ಮುಂದೆಯೂ ಒಂದೇ ಅರ್ಥ ಬರೆದುಕೊಂಡಿದ್ದೆ: ಕಡಿಮೆ ಆಗು.

ವಾರ್ಡಿಗೆ ಬಂದ ಮೊದಲ ತಿಂಗಳು. ಒಬ್ಬ ಅಜ್ಜನ ಬಿಪಿ ಬೆಳಿಗ್ಗೆ 180 ಇತ್ತು, ಮಾತ್ರೆ ಕೊಟ್ಟ ಮೇಲೆ 140ಕ್ಕೆ ಬಂದಿತ್ತು. ಶಿಫ್ಟ್ ಬದಲಾಗುವಾಗ ಖುಷಿಯಿಂದಲೇ ‘ಹಿಸ್ ಬಿಪಿ ಹ್ಯಾಸ್ ಡ್ರಾಪ್ಡ್’ ಅಂದೆ. ಸೀನಿಯರ್ ಸಿಸ್ಟರ್ ಪೆನ್ನು ಕೆಳಗಿಟ್ಟು ಅಜ್ಜನ ಬೆಡ್ಡಿನ ಕಡೆ ಹೊರಟೇಬಿಟ್ಟರು. ಮಾನಿಟರ್ ನೋಡಿ ವಾಪಸ್ ಬಂದು, ‘ಇಟ್ಸ್ ಕಮ್ ಡೌನ್, ಯು ಮೀನ್’ ಅಂದರು. ಬೈಯಲಿಲ್ಲ. ಆದರೂ ನನ್ನ ಕಿವಿ ಬಿಸಿಯಾಯಿತು.

ರಾತ್ರಿ ಮಲಗಿದಾಗ ಹೊಳೆಯಿತು. ನಮ್ಮಲ್ಲೂ ಬಿಪಿ ‘ಇಳೀತು’ ಅಂದರೆ ಸಮಾಧಾನ, ‘ಬಿದ್ಹೋಯ್ತು’ ಅಂದರೆ ಗಾಬರಿ. ವ್ಯತ್ಯಾಸ ನನಗೆ ಗೊತ್ತೇ ಇತ್ತು ಅಲ್ವಾ? ಇಂಗ್ಲಿಷಿಗೆ ಹೋಗುವಾಗ ಮಾತ್ರ ಎಲ್ಲವನ್ನೂ ‘ಕಡಿಮೆ’ ಅನ್ನುವ ಒಂದೇ ಡಬ್ಬಿಗೆ ತುಂಬುತ್ತಿದ್ದೆ.

ಆಮೇಲೆ ಜೇಬಿನಲ್ಲೊಂದು ಪುಟ್ಟ ಡೈರಿ ಇಟ್ಟುಕೊಂಡೆ. ಎಡಗಡೆ ಅಮ್ಮ ಹೇಳುವ ಹಾಗೆ ಇಡೀ ವಾಕ್ಯ, ಬಲಗಡೆ ವಾರ್ಡಿನಲ್ಲಿ ಕಿವಿಗೆ ಬಿದ್ದದ್ದು. ಜ್ವರ ಇಳಿಯಿತು: ಕಮ್ ಡೌನ್. ಬಾವು ಇಳಿಯಿತು: ಗಾನ್ ಡೌನ್. ದನಿ ತಗ್ಗಿಸು: ಲೋವರ್. ಟಿವಿ ಸೌಂಡ್ ಸಣ್ಣ ಮಾಡು: ಟರ್ನ್ ಡೌನ್. ನೋವಿಗೆ ಈಸ್. ಉಪ್ಪು ಕಡಿಮೆ ತಿನ್ನಿ ಅನ್ನಲು ಕಟ್ ಡೌನ್ ಆನ್; ಇಲ್ಲಿ ‘ಆನ್’ ಬಿಟ್ಟರೆ ಮಾತು ಕುಂಟುತ್ತದೆ. ಡಿಕ್ರೀಸ್ ಯಾರ ಬಾಯಲ್ಲೂ ಜಾಸ್ತಿ ಕೇಳಲಿಲ್ಲ, ಅದು ಚಾರ್ಟಿನಲ್ಲೇ ಉಳಿದುಕೊಂಡಿತ್ತು.

ಔಷಧಿಯ ಡೋಸಿಗೆ ರೆಡ್ಯೂಸ್ ಸರಿ. ಆದರೆ ಸ್ಟೆರಾಯ್ಡನ್ನು ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುವುದಕ್ಕೆ ಟೇಪರ್ ಅನ್ನುತ್ತಾರೆ. ಆಕ್ಸಿಜನ್ ಬಿಡಿಸುವುದಕ್ಕೆ ವೀನ್. ಮಗುವಿಗೆ ಎದೆಹಾಲು ಬಿಡಿಸುವುದಕ್ಕೂ ಅದೇ ಪದ. ಅದು ಗೊತ್ತಾದ ದಿನದಿಂದ ಮರೆತೇ ಇಲ್ಲ.

ನನಗೆ ಈಗಲೂ ಭಯ ಹುಟ್ಟಿಸುವುದು ಕ್ರಿಯಾಪದ ಅಲ್ಲ, ಅದರ ಬಾಲ. 40 ಮಿಲಿಗ್ರಾಂ ಡೋಸನ್ನು ‘ಬೈ 10’ ರೆಡ್ಯೂಸ್ ಮಾಡಿದರೆ ಉಳಿಯುವುದು 30. ‘ಟು 10’ ಅಂದರೆ ಬರೀ 10. ಕನ್ನಡದಲ್ಲಿ ‘ಹತ್ತು ಇಳಿಸು’, ‘ಹತ್ತಕ್ಕೆ ಇಳಿಸು’ ಅಂತೀವಿ, ಒಂದು ‘ಕ್ಕೆ’ಯಲ್ಲೇ ಎಲ್ಲಾ ಇದೆ. ಹಾಗಾಗಿ ಫೋನಿನಲ್ಲಿ ಡಾಕ್ಟರ್ ಡೋಸ್ ಬದಲಿಸಿದರೆ ‘ಫ್ರಮ್ 40 ಟು 30?’ ಅಂತ ಎರಡೂ ನಂಬರ್ ಮತ್ತೆ ಹೇಳಿ ಕೇಳುತ್ತೇನೆ. ಪೆದ್ದಿ ಅಂದುಕೊಂಡರೂ ಚಿಂತೆಯಿಲ್ಲ.

ಅಡುಗೆಮನೆಯಲ್ಲಿ ಮತ್ತೊಮ್ಮೆ ಎಡವಿದೆ. ಪಾಸ್ತಾ ಮಾಡುವಾಗ ರೆಸಿಪಿಯಲ್ಲಿ ‘ರೆಡ್ಯೂಸ್ ದಿ ಸಾಸ್ ಬೈ ಹಾಫ್’ ಅಂತಿತ್ತು. ನಾನು ಸುಮ್ನೆ ಅರ್ಧ ಸಾಸ್ ತೆಗೆದು ಬಟ್ಟಲಿಗೆ ಸುರಿದೆ. ಉಳಿದದ್ದು ನೀರು ನೀರು. ಅಮ್ಮನಿಗೆ ಫೋನ್ ಮಾಡಿ ಹೇಳಿಕೊಂಡೆ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ.

‘ಬತ್ತಿಸು ಅಂದಿರ್ತಾರೆ ಕಣೇ,’ ಅಂದರು.