ಗುರುವಾರದ ನಕ್ಷೆ ಮತ್ತು ಬಾಯಿಮಾತಿನ ಗುತ್ತಿಗೆ

2022ರ ಬೇಸಿಗೆಯಲ್ಲಿ ಗುರುವಾರ ಬೆಳಿಗ್ಗೆ ಎದ್ದವಳೇ ನಾನು ಮೊದಲು ನೋಡುತ್ತಿದ್ದದ್ದು ಡ್ರಾಟ್ ಮಾನಿಟರ್ ಎಂಬ ಬರದ ನಕ್ಷೆಯನ್ನು. ನೆಬ್ರಾಸ್ಕ ವಿಶ್ವವಿದ್ಯಾಲಯದ ಬರ ಕೇಂದ್ರ ಮತ್ತು ಅಮೆರಿಕ ಸರ್ಕಾರದ ಇಲಾಖೆಗಳು ಸೇರಿ ವಾರಕ್ಕೊಮ್ಮೆ ಹೊರಡಿಸುವ ನಕ್ಷೆ ಅದು. ಟೆಕ್ಸಸ್‌ನ ಹಿಲ್ ಕಂಟ್ರಿಯಲ್ಲಿರುವ ನಮ್ಮ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು, ಡಿ2 ಎಂಬ ಕಿತ್ತಳೆಯಿಂದ ಕೆಂಪಿಗೆ, ಕೊನೆಗೆ ಅತಿ ಭೀಕರ ಬರದ ಡಿ4 ಎಂಬ ಕಡುಗೆಂಪಿಗೆ ತಿರುಗಿತ್ತು. ನಮ್ಮ ಹತ್ತಿರ ಆಗ 28 ಹಸು. ಕಾಲಿಟ್ಟಲ್ಲೆಲ್ಲ ಹುಲ್ಲು ಪುಡಿಯಾಗುತ್ತಿತ್ತು.

ಚಳ್ಳಕೆರೆಯಿಂದ ಅಪ್ಪ ಫೋನಿನಲ್ಲಿ ಒಂದೇ ಮಾತು ಹೇಳಿದರು: "ಮೇವಿಲ್ದೆ ದನ ಇಟ್ಕಂಡು ಏನ್ ಮಾಡ್ತೀಯವ್ವ? ಮೈಯಾಗೆ ಮಾಂಸ ಇರೋವಾಗ್ಲೇ ಒಂದಷ್ಟು ಕೊಟ್ಬಿಡು." ಜುಲೈನಲ್ಲಿ ಒಂಬತ್ತು ಹಸು ಮಾರಿದೆವು. ಹರಾಜಿನ ರಸೀದಿಗಳನ್ನು ಜೋಪಾನವಾಗಿ ಇಟ್ಟುಕೊಂಡದ್ದು ಆಮೇಲೆ ಕೆಲಸಕ್ಕೆ ಬಂತು.

ಹುಲ್ಲುಗಾವಲು ಒಣಗಿದವರಿಗೆ ಕೃಷಿ ಇಲಾಖೆಯ ಫಾರ್ಮ್ ಸರ್ವಿಸ್ ಏಜೆನ್ಸಿ ಕೊಡುವ ನೆರವಿಗೆ ಎಲ್‌ಎಫ್‌ಪಿ (ಲೈವ್‌ಸ್ಟಾಕ್ ಫಾರೇಜ್ ಡಿಸಾಸ್ಟರ್ ಪ್ರೋಗ್ರಾಂ) ಎನ್ನುತ್ತಾರೆ. 2014ರ ಫಾರ್ಮ್ ಬಿಲ್ ಎಂಬ ಕೃಷಿ ಕಾಯ್ದೆ ಅದನ್ನು ಕಾಯಂ ಮಾಡಿತು. ನಮ್ಮ ಹುಲ್ಲು ಒಣಗಿದೆಯೇ ಎಂದು ಯಾರೂ ಬಂದು ನೋಡುವುದಿಲ್ಲ. ಮೇಯುವ ಕಾಲದಲ್ಲಿ ಕೌಂಟಿಯ ಯಾವುದಾದರೂ ಭಾಗ ನಕ್ಷೆಯಲ್ಲಿ ಯಾವ ಬಣ್ಣಕ್ಕೆ, ಎಷ್ಟು ವಾರ ಇತ್ತು ಎಂಬುದೇ ಲೆಕ್ಕ. ಆಗಿನ ನಿಯಮದಲ್ಲಿ ಡಿ2 ಸತತ ಎಂಟು ವಾರ ಇದ್ದರೆ ಒಂದು ತಿಂಗಳ ಹಣ, ಡಿ4 ನಾಲ್ಕು ವಾರ ಇದ್ದರೆ ಐದು ತಿಂಗಳದ್ದು. ನಮಗೆ ಐದು ತಿಂಗಳದ್ದು ಬರಬೇಕಿತ್ತು. ಆದರೆ ಕೊಡುವುದು ಮೇವಿನ ಖರ್ಚಿನ 60%. ಅಂದರೆ ಐದು ತಿಂಗಳ ಹೆಸರಿನಲ್ಲಿ ಮೂರು ತಿಂಗಳ ಮೇವು. ಬರದಿಂದಾಗಿ ಮಾರಿದ ಹಸುಗಳಿಗೆ ಆ ಮೊತ್ತದ 80% ಮಾತ್ರ.

ನಾನು ಎಡವಿದ್ದು ಜಮೀನಿನ ವಿಷಯದಲ್ಲಿ. ಹಸುಗಳ ಲೆಕ್ಕ, ಹುಲ್ಲುಗಾವಲು ಎಷ್ಟು ಹಸು ತಾಳುತ್ತದೆ ಎಂಬ ಲೆಕ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕಷ್ಟೇ ಹಣ. ನಮ್ಮಲ್ಲಿ ಒಂದು ಹಸುವಿಗೆ 20 ಎಕರೆ ಹಿಡಿಯುತ್ತಾರೆ. ಸ್ವಂತದ್ದು 200 ಎಕರೆ. ಉಳಿದ 400 ಎಕರೆ ಪಕ್ಕದ ಅಜ್ಜನದ್ದು, ಕೈಕುಲುಕಿ ಬಾಯಿಮಾತಿನಲ್ಲಿ ಗುತ್ತಿಗೆಗೆ ಪಡೆದದ್ದು. ಅದಕ್ಕೆ ಕಾಗದವಿಲ್ಲದಿದ್ದರೆ ನಮ್ಮ ಪಾಲಿಗೆ ಸಿಗುವುದು ಹತ್ತು ಹಸುವಿನ ಹಣ.

ಇದು ನನಗೆ ಗೊತ್ತಿರಬೇಕಿತ್ತು. ಊರಲ್ಲಿ ಅಪ್ಪ ವರ್ಷಗಟ್ಟಲೆ ಕೋರಿಗೆ ಹೊಲ ಮಾಡಿದವರು. 1974ರ ಭೂಸುಧಾರಣೆಯ ನಂತರ, ಜಮೀನು ಉಳುವವನ ಪಾಲಾದೀತೆಂದು, ಗೇಣಿಯನ್ನು ಕಾಗದದಲ್ಲಿ ಬರೆದುಕೊಡುವ ಧೈರ್ಯ ಜಮೀನುದಾರರಿಗೆ ಇರಲಿಲ್ಲ. ಶೇಂಗಾ ಒಣಗಿದ್ದು ಅಪ್ಪನದ್ದು, ಬರ ಪರಿಹಾರ ಹೋದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದನ್ನು ಕಣ್ಣಾರೆ ಕಂಡು ಬೆಳೆದೂ ಇಲ್ಲಿ ಅದೇ ತಪ್ಪು ಮಾಡಿದ್ದೆ.

ಆಗ ಅರ್ಜಿಗೆ ಜನವರಿ 30 ಕೊನೆಯ ದಿನವಾಗಿತ್ತು. ಗುತ್ತಿಗೆ ಇದ್ದದ್ದು ನಿಜ, ಮೇಯಿಸುವ ನಷ್ಟವೂ ನಮ್ಮದೇ ಎಂದು ಅಜ್ಜ ಸಹಿ ಹಾಕಿಕೊಡಬೇಕಿತ್ತು. ಎರಡು ಸಲ ಹೋದಾಗಲೂ ನೋಡೋಣ ಎಂದರು. ಮೂರನೆಯ ಸಲ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ, "ಇದರಿಂದ ನನ್ನ ಜಮೀನಿಗೆ ಏನೂ ಆಗುವುದಿಲ್ಲವಷ್ಟೆ?" ಎಂದು ಕೇಳಿದರು. ಚಳ್ಳಕೆರೆಯ ಜಮೀನುದಾರರ ಭಯವೂ ಇದೇ ಅಲ್ಲವೇ ಅನ್ನಿಸಿ ನನಗೆ ಗಂಟಲು ಕಟ್ಟಿತು. ಆಗುವುದಿಲ್ಲ ಎಂದೆ, ಏಕೆಂದರೆ ಇಲ್ಲಿ ಆಗುವುದಿಲ್ಲ.

ಹಣ ಬಂತು, ಸರ್ಕಾರದ ವೆಚ್ಚಕಡಿತದ ನಿಯಮದಂತೆ 5.7% ಕಡಿತವಾಗಿ, ಮುಂದಿನ ವರ್ಷ ಅದರ ಮೇಲೆ ತೆರಿಗೆಯನ್ನೂ ಕಟ್ಟಿದೆವು. ಒಣಹುಲ್ಲಿನ ಸಾಲ ತೀರಿತು, ಹೊಸ ಹಸು ಕೊಳ್ಳುವಷ್ಟು ಉಳಿಯಲಿಲ್ಲ. 2025ರಲ್ಲಿ ನಿಯಮ ಸ್ವಲ್ಪ ಸಡಿಲವಾಗಿ, ಡಿ2 ಸತತ ನಾಲ್ಕು ವಾರ ಇದ್ದರೂ ಒಂದು ತಿಂಗಳ ನೆರವಿದೆ. ಸಣ್ಣ ಹಿಂಡಿನವರಿಗೆ ಇದು ದೊಡ್ಡ ಉಪಕಾರ. ಬರ ಕಡುಗೆಂಪಾಗುವವರೆಗೆ ಕಾಯುವಷ್ಟರಲ್ಲಿ ನಮ್ಮಂಥವರ ಹಟ್ಟಿ ಅರ್ಧ ಖಾಲಿಯಾಗಿರುತ್ತದೆ.

ಮರುವರ್ಷದ ಗುತ್ತಿಗೆಯನ್ನು ಅಜ್ಜನ ಅಡುಗೆಮನೆಯ ಮೇಜಿನ ಮೇಲೆಯೇ ಬರೆದೆವು, ಎರಡು ಪುಟ. ಮಗಳಿಗೆ ಕೊಡಬೇಕೆಂದು ಅವರು ಇನ್ನೊಂದು ಪ್ರತಿ ಕೇಳಿ ಪಡೆದರು.