ಬೆಟ್ಟ ಬಿಡಿ, ನದಿ ಹಿಡಿಯಿರಿ: ಡ್ಯಾನ್ಯೂಬ್ ದಂಡೆಯಲ್ಲಿ ಒಂದು ವಾರ ಸೈಕಲ್ ತುಳಿಯುವ ಬಗೆ

ನಮ್ಮ ಚಿಕ್ಕಬಳ್ಳಾಪುರದ ಕಡೆ ಸೈಕಲ್ ಹುಚ್ಚು ಹತ್ತಿದವರನ್ನು ಕೇಳಿ ನೋಡಿ, ವಿದೇಶಕ್ಕೆ ಹೋದರೆ ಎಲ್ಲಿ ತುಳಿಯುತ್ತೀರಿ ಅಂತ. ಆಲ್ಪ್ಸ್ ಅನ್ನುವವರೇ ಜಾಸ್ತಿ. 1,478 ಮೀಟರ್ ಎತ್ತರದ ನಂದಿ ಬೆಟ್ಟ ಊರ ಪಕ್ಕದಲ್ಲೇ ಇದೆ, ಅದನ್ನು ಹತ್ತಿ ಇಳಿದು ಅಭ್ಯಾಸ ಇರುವವರಿಗೆ ಅಷ್ಟು ಧೈರ್ಯ ಇದ್ದೇ ಇರುತ್ತದೆ. ಆದರೆ ನನ್ನ ಮಾತು ಕೇಳುವುದಾದರೆ ಮೊದಲ ಸಲ ಬೆಟ್ಟ ಬೇಡ, ನದಿ ದಂಡೆ ಹಿಡಿಯಿರಿ. ಏರು ಹತ್ತುವಾಗ ಕಣ್ಣು ಇರುವುದು ಮುಂದಿನ ಚಕ್ರದ ಮೇಲೆ. ರಜೆ ಹಾಕಿ, ಲಕ್ಷಗಟ್ಟಲೆ ಸುರಿದು, ಅಷ್ಟು ದೂರ ಹೋಗಿ ಬರೀ ಡಾಂಬರು ನೋಡಿಕೊಂಡು ಬರುವುದು ಯಾಕೆ?

ನದಿ ಅಂದರೆ ಡ್ಯಾನ್ಯೂಬ್. ಜರ್ಮನಿಯ ಪಸ್ಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ, ಸುಮಾರು 320 ಕಿಲೋಮೀಟರ್. ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗೆ ಹೋಗುವ ಯೂರೋವೆಲೋ 6 ಅನ್ನುವ ಉದ್ದನೆಯ ಸೈಕಲ್ ದಾರಿಯ ಒಂದು ತುಂಡು ಇದು. ನೀರು ಹರಿಯುವ ದಿಕ್ಕಿಗೇ ಹೋಗುವುದರಿಂದ ದಾರಿ ಗೊತ್ತಾಗದ ಹಾಗೆ ಇಳಿಯುತ್ತಾ ಹೋಗುತ್ತದೆ. ಗಾಳಿಯೂ ಅಲ್ಲಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ, ಅಂದರೆ ಬೆನ್ನಿಗೆ. ದಿನಕ್ಕೆ 45-50 ಕಿಲೋಮೀಟರ್ ಇಟ್ಟುಕೊಂಡರೆ ಒಂದು ವಾರ ಸಾಕು. ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯ ತಿಂಗಳುಗಳು. ಜುಲೈ, ಆಗಸ್ಟ್‌ನಲ್ಲಿ ಬಿಸಿಲೂ ಜಾಸ್ತಿ, ಜನವೂ ಜಾಸ್ತಿ.

ವೀಸಾ ಮೊದಲು ಮುಗಿಸಿಕೊಳ್ಳಿ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದಲೇ ಅರ್ಜಿ ಹಾಕಬಹುದು, ದೊಡ್ಡವರಿಗೆ ಶುಲ್ಕ 90 ಯೂರೋ. ಯಾವ ದೇಶದಲ್ಲಿ ಹೆಚ್ಚು ದಿನ ಉಳಿಯುತ್ತೀರೋ ಆ ದೇಶಕ್ಕೇ ಅರ್ಜಿ. ಇಲ್ಲಿ ಅದು ಆಸ್ಟ್ರಿಯಾ, ವಿಮಾನ ಇಳಿಯುವುದು ಜರ್ಮನಿಯಲ್ಲೇ ಆದರೂ ಸರಿ. ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚು ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಅದರಲ್ಲಿ ಸೈಕಲ್ ಸವಾರಿಯ ಅಪಘಾತವೂ ಸೇರಿದೆಯಾ ಅಂತ ಸಣ್ಣಕ್ಷರ ಓದಿಯೇ ದುಡ್ಡು ಕಟ್ಟಿ. ವಿಮಾನದ ವಿಷಯದಲ್ಲಿ ನಾವು ಅದೃಷ್ಟವಂತರು. ದೇವನಹಳ್ಳಿ ವಿಮಾನ ನಿಲ್ದಾಣ ಬೆಂಗಳೂರಿನ ಎಷ್ಟೋ ಬಡಾವಣೆಯವರಿಗಿಂತ ನಮಗೇ ಹತ್ತಿರ. ಮ್ಯೂನಿಕ್‌ನಲ್ಲಿ ಇಳಿದರೆ ಪಸ್ಸಾವ್‌ಗೆ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ.

ಇನ್ನು ತಯಾರಿ. ನದಿ ದಾರಿಗೆ ಕಾಲಿನ ಬಲಕ್ಕಿಂತ ಕುಂಡಿಯ ತಾಳ್ಮೆ ಮುಖ್ಯ, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಒಂದು ದಿನ ನೂರು ಕಿಲೋಮೀಟರ್ ತುಳಿದು ಎರಡು ದಿನ ಮಲಗುವುದು ಅಭ್ಯಾಸವಲ್ಲ. ಶನಿವಾರ, ಭಾನುವಾರ ಎರಡೂ ದಿನ ಐವತ್ತೈವತ್ತು ತುಳಿಯಿರಿ, ಸೋಮವಾರ ಬೆಳಿಗ್ಗೆ ಮತ್ತೆ ಸೀಟಿನ ಮೇಲೆ ಕೂರಲು ಮನಸ್ಸು ಬರುತ್ತದಾ ನೋಡಿ. ಹೆದ್ದಾರಿ ಬಿಡಿ. ಮುದ್ದೇನಹಳ್ಳಿ, ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ, ಆ ಸುತ್ತಿನ ಹಳ್ಳಿ ರಸ್ತೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಶಿಡ್ಲಘಟ್ಟದ ಕಡೆಯೂ ಹೋಗಬಹುದು, ಆದರೆ ಬೆಳಿಗ್ಗೆ ರೇಷ್ಮೆಗೂಡು ತುಂಬಿಕೊಂಡು ಮಾರುಕಟ್ಟೆಗೆ ಓಡುವ ಗಾಡಿಗಳಿಗೆ ದಾರಿ ಬಿಡಿ. ಕೊನೆಯ ಕೆಲವು ವಾರ ಕ್ಯಾರಿಯರ್‌ನ ಎರಡೂ ಬದಿಗೆ ಬ್ಯಾಗು ಕಟ್ಟಿ, ಒಂದೊಂದರಲ್ಲಿ ನಾಲ್ಕು ಕೇಜಿ ಅಕ್ಕಿ ಹಾಕಿ ಓಡಿಸಿ. ಭಾರ ಇದ್ದಾಗ ಸೈಕಲ್ ತಿರುಗುವ ರೀತಿಯೇ ಬೇರೆ, ನಿಲ್ಲುವ ರೀತಿಯೂ ಬೇರೆ. ಪ್ಯಾಡ್ ಇರುವ ಚಡ್ಡಿ ತೊಡುವಾಗ ಒಳಗೆ ಇನ್ನೊಂದು ಚಡ್ಡಿ ಬೇಡ, ಹೊಲಿಗೆ ಉಜ್ಜಿ ಗಾಯ ಆಗುವುದೇ ಅದರಿಂದ.

ಇಲ್ಲಿಂದ ಸೈಕಲ್ ಹೊತ್ತುಕೊಂಡು ಹೋಗುವ ಸಾಹಸ ಒಂದು ವಾರಕ್ಕೆ ಬೇಕಾಗಿಲ್ಲ. ಪಸ್ಸಾವ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡು ವಿಯೆನ್ನಾದಲ್ಲಿ ಬಿಡುವ ವ್ಯವಸ್ಥೆ ಇದೆ, ಬ್ಯಾಗು, ಬೀಗ, ಪಂಕ್ಚರ್ ಸಾಮಾನು ಸೇರಿದೆಯಾ ಅಂತ ಮೊದಲೇ ಕೇಳಿ. ನಿಮ್ಮ ಎತ್ತರ ಸೆಂಟಿಮೀಟರ್ ಲೆಕ್ಕದಲ್ಲಿ ಬರೆದು ಕಳಿಸಿ. ಅಮ್ಮ, ಅಪ್ಪ ಜೊತೆಗಿದ್ದರೆ ಅವರಿಗೆ ಬ್ಯಾಟರಿ ಸೈಕಲ್ ಕೊಡಿಸಿ. ಅಲ್ಲಿ ವಯಸ್ಸಾದವರು ಅದರಲ್ಲೇ ನಮ್ಮನ್ನು ದಾಟಿಕೊಂಡು ಹೋಗುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ.

ಸೈಕಲ್ ಕೈಗೆ ಬಂದ ಮೇಲೆ ಅಂಗಡಿ ಮುಂದೆಯೇ ಹತ್ತು ನಿಮಿಷ ಸುತ್ತಿ. ಇದನ್ನು ಬಿಡಲೇಬೇಡಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕ್ ಮುಂದಿನ ಚಕ್ರಕ್ಕೆ, ಅಲ್ಲಿ ಎಡಗೈ ಬ್ರೇಕ್ ಮುಂದಿನ ಚಕ್ರಕ್ಕೆ. ಗಾಬರಿಯಲ್ಲಿ ಹಳೆ ಅಭ್ಯಾಸದ ಹಾಗೆ ಎಡಗೈ ಗಟ್ಟಿಯಾಗಿ ಒತ್ತಿದರೆ ಹ್ಯಾಂಡಲ್ ಮೇಲಿಂದ ಹಾರಿ ಬೀಳುತ್ತೀರಿ. ಕೆಲವು ಬಾಡಿಗೆ ಸೈಕಲ್‌ಗಳಲ್ಲಿ ಪೆಡಲ್ ಹಿಂದಕ್ಕೆ ತುಳಿದರೂ ಬ್ರೇಕ್ ಬೀಳುತ್ತದೆ. ಸಿಗ್ನಲ್‌ನಲ್ಲಿ ನಿಂತು ಸುಮ್ನೆ ಪೆಡಲ್ ಹಿಂದಕ್ಕೆ ತಿರುಗಿಸಿಕೊಳ್ಳುವ ಚಟ ಇರುವವರಿಗೆ ಇದು ತಲೆನೋವು, ಕೆಳಗಿರುವ ಪೆಡಲ್ ಹಿಂದಕ್ಕೆ ತಿರುಗಿ ಮೇಲೆ ಬರುವುದೇ ಇಲ್ಲ. ಓಡಾಡುವುದು ಬಲಬದಿಯಲ್ಲಿ. ಅದು ದಾರಿಯಲ್ಲಿ ಮರೆಯುವುದಿಲ್ಲ, ಕಾಫಿ ಕುಡಿದು ಮತ್ತೆ ಸೈಕಲ್ ಹತ್ತುತ್ತೀರಲ್ಲ, ಆಗ ಮರೆಯುತ್ತದೆ. ಫೋನ್ ಕೈಯಲ್ಲಿ ಹಿಡಿದು ತುಳಿದರೆ ದಂಡ ಬೀಳುತ್ತದೆ, ಕುಡಿತಕ್ಕೂ ಮಿತಿ ಇದೆ.

ಪಸ್ಸಾವ್‌ನಲ್ಲಿ ಡ್ಯಾನ್ಯೂಬ್, ಇನ್, ಇಲ್ಜ್ ಮೂರು ನದಿ ಕೂಡುತ್ತವೆ, ನೀರಿನ ಬಣ್ಣಗಳೂ ಬೇರೆ ಬೇರೆ. ಟೌನ್ ಹಾಲ್ ಗೋಪುರದ ಗೋಡೆಯ ಮೇಲೆ ಹಳೆಯ ಪ್ರವಾಹಗಳ ಗುರುತು ಹಾಕಿದ್ದಾರೆ, 2013ರ ಜೂನ್ ಗೆರೆ ತಲೆಯೆತ್ತಿ ನೋಡಬೇಕು. ಜೋರು ಮಳೆಯಾದರೆ ದಂಡೆಯ ದಾರಿ ಮುಚ್ಚುತ್ತಾರೆ, ಹಾಗಾಗಿ ಒಂದು ದಿನ ಕೈಯಲ್ಲಿ ಇಟ್ಟುಕೊಂಡಿರಿ. ಮುಂದೆ ಶ್ಲೋಗನ್ ಹತ್ತಿರ ನದಿ ಬಂದ ದಿಕ್ಕಿಗೇ ತಿರುಗಿ ಹೋಗುತ್ತದೆ. ಅಲ್ಲಿ ಉತ್ತರ ದಂಡೆಯಲ್ಲಿ ದಾರಿ ನಿಂತುಹೋಗುತ್ತದೆ, ಸೈಕಲ್ ಸಮೇತ ದೋಣಿ ಹತ್ತಬೇಕು. ಸೈಕಲ್ ಬೀಗ ಹಾಕಿ ಕಾಡಿನ ಕಾಲುದಾರಿಯಲ್ಲಿ ಮೇಲಕ್ಕೆ ನಡೆದರೆ ಆ ಪೂರ್ತಿ ತಿರುವು ಕೆಳಗೆ ಕಾಣುತ್ತದೆ. ಲಿಂಜ್ ದಾಟಿದ ಮೇಲೆ ಮೌತ್‌ಹೌಸನ್. 1938ರಲ್ಲಿ ನಾಜಿಗಳು ಕಟ್ಟಿದ ಸೆರೆಶಿಬಿರ ಈಗ ಸ್ಮಾರಕ. ಏರು ಕಡಿದಾಗಿದೆ, ತಳ್ಳಿಕೊಂಡಾದರೂ ಹೋಗಿ. ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ.

ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖೌ ಕಣಿವೆ 36 ಕಿಲೋಮೀಟರ್ ಇರಬಹುದು. ಒಂದೇ ದಿನದಲ್ಲಿ ಮುಗಿಸಬಹುದಾದ್ದನ್ನು ಎರಡು ದಿನ ಮಾಡಿ. 2000ದಿಂದ ಇದು ಯುನೆಸ್ಕೋ ಪಟ್ಟಿಯಲ್ಲಿದೆ. ದ್ರಾಕ್ಷಿ ನಮಗೆ ಹೊಸದಲ್ಲ, ಆದರೆ ನಮ್ಮ ತೋಟಗಳಲ್ಲಿ ಬಳ್ಳಿ ಚಪ್ಪರದ ಮೇಲೆ ಹಬ್ಬಿರುತ್ತದೆ, ಬಗ್ಗಿ ಒಳಗೆ ಹೋಗಬೇಕು. ಅಲ್ಲಿ ಗುಡ್ಡದ ಮೈಗೆ ಕಲ್ಲಿನ ಮೆಟ್ಟಿಲು ಕಟ್ಟಿ ಸಾಲಾಗಿ ನಿಲ್ಲಿಸಿದ್ದಾರೆ. ಹಳ್ಳಿಗಳೆಲ್ಲ ಹೆಚ್ಚಾಗಿ ಉತ್ತರ ದಂಡೆಯಲ್ಲಿ, ನೆಮ್ಮದಿ ದಕ್ಷಿಣ ದಂಡೆಯಲ್ಲಿ. ಎರಡೂ ಬೇಕಾದರೆ ಸ್ಪಿಟ್ಜ್‌ನಲ್ಲಿ ದೋಣಿ ದಾಟಿ. ಅದಕ್ಕೆ ಎಂಜಿನ್ ಇಲ್ಲ. ನದಿಗೆ ಅಡ್ಡಲಾಗಿ ಮೇಲೆ ಎಳೆದ ತಂತಿಗೆ ದೋಣಿಯನ್ನು ತಗುಲಿಸಿದ್ದಾರೆ, ಓರೆಯಾಗಿ ಹಿಡಿದರೆ ಸಾಕು, ನೀರಿನ ಸೆಳೆತವೇ ಆಚೆ ದಡಕ್ಕೆ ತಳ್ಳುತ್ತದೆ. ಡ್ಯೂರ್ನ್‌ಸ್ಟೈನ್ ಕೋಟೆಯಲ್ಲಿ ಇಂಗ್ಲೆಂಡಿನ ರಾಜ ರಿಚರ್ಡ್‌ನನ್ನು 1192ರಲ್ಲಿ ಸೆರೆ ಇಟ್ಟಿದ್ದರು. ಹತ್ತಿ ನೋಡಿ, ಕಣಿವೆ ಚೆನ್ನಾಗಿ ಕಾಣುವುದು ಅಲ್ಲಿಂದಲೇ.

ಊಟದ ವಿಷಯ, ಸಸ್ಯಾಹಾರಿಗಳಿಗೆ ಮುಖ್ಯವಾಗಿ. 'ವೆಗೆಟಾರಿಶ್' ಅಂದರೆ ಅರ್ಥವಾಗುತ್ತದೆ. ಆದರೆ ಸೂಪ್‌ಗಳ ಬಗ್ಗೆ ಹುಷಾರು. ಫ್ರಿಟಾಟನ್‌ಸುಪ್ಪೆ ಅಂತ ಒಂದು ಕೊಡುತ್ತಾರೆ, ತೆಳ್ಳಗೆ ಕತ್ತರಿಸಿದ ದೋಸೆ ಚೂರು ತೇಲುತ್ತಿರುತ್ತದೆ, ನೋಡಿದರೆ ಪಾಪದ್ದು. ಕೆಳಗಿರುವ ತಿಳಿ ಮಾತ್ರ ದನದ ಮಾಂಸದ್ದು. ಕೇಸ್‌ಶ್ಪೆಟ್ಸ್ಲೆ ಅಂದರೆ ಚೀಸ್ ಹಾಕಿದ ಗಿಡ್ಡ ನೂಡಲ್ಸ್, ಅದು ಹೊಟ್ಟೆ ತುಂಬಿಸುತ್ತದೆ. ಜುಲೈನಲ್ಲಿ ವಾಖೌಗೆ ಹೋದರೆ ಇಡೀ ಏಪ್ರಿಕಾಟ್ ಒಳಗಿಟ್ಟು ಬೇಯಿಸಿದ ಮರಿಲ್ಲನ್‌ಕ್ನ್ಯೋಡೆಲ್ ತಿನ್ನಿ, ನಮ್ಮ ಹೂರಣಗಡುಬಿನ ತಂಗಿ ಅದು. ಊರಿಂದ ಒಯ್ಯಲು ರಾಗಿ ಹುರಿಹಿಟ್ಟನ್ನು ಮೀರಿಸಿದ್ದಿಲ್ಲ. ಬಾಟಲಿಯಲ್ಲಿ ನೀರು, ಬೆಲ್ಲದ ಪುಡಿ, ಎರಡು ಚಮಚ ಹಿಟ್ಟು, ಚೆನ್ನಾಗಿ ಅಲ್ಲಾಡಿಸಿದರೆ ಮಧ್ಯಾಹ್ನದವರೆಗೆ ಚಿಂತೆ ಇಲ್ಲ. ಚಟ್ನಿಪುಡಿಯೂ ಇರಲಿ. ತುಪ್ಪದ ಡಬ್ಬಿ ಮಾತ್ರ ಬೇಡ, ಹೊರಗಿನ ದೇಶದಿಂದ ಹಾಲಿನ ಪದಾರ್ಥ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು, 'ಕೈನ್ ಟ್ರಿಂಕ್‌ವಾಸರ್' ಬೋರ್ಡ್ ಇದ್ದರೆ ಮುಟ್ಟಬೇಡಿ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ನಮ್ಮ ಹಾಗೆ ಅರ್ಧ ಷಟರ್ ಎತ್ತಿ ಕೊಡುವ ಅಣ್ಣ ಅಲ್ಲಿ ಸಿಗುವುದಿಲ್ಲ, ಶನಿವಾರ ಮಧ್ಯಾಹ್ನವೇ ಬ್ರೆಡ್ಡು, ಹಣ್ಣು ಕೊಂಡಿಡಿ. ದೋಣಿಗೂ ಸಣ್ಣ ಮನೆತಂಗುದಾಣಗಳಿಗೂ ಚಿಲ್ಲರೆ ನಗದು ಬೇಕು. ದಾರಿಯಲ್ಲಿ 'ಜಿಮ್ಮರ್ ಫ್ರೈ' ಬೋರ್ಡ್ ಕಂಡರೆ ಆ ಮನೆಯಲ್ಲಿ ಕೋಣೆ ಖಾಲಿ ಇದೆ ಅಂತ, ಆದರೆ ವಾಖೌದಲ್ಲಿ ಅದನ್ನೇ ನಂಬಿಕೊಳ್ಳದೆ ಮೊದಲೇ ಕಾದಿರಿಸಿ. ಜೂನ್‌ನಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತರ ಹೊತ್ತಿಗೆ, ಹಾಗಾಗಿ ನಮ್ಮ ಬಿಸಿಲಿಗೆ ಹೆದರಿ ಐದು ಗಂಟೆಗೆ ಏಳುವ ಅಭ್ಯಾಸ ಊರಲ್ಲೇ ಬಿಟ್ಟು ಹೋಗಿ. ವಿಯೆನ್ನಾದಲ್ಲಿ ಸೈಕಲ್ ಒಪ್ಪಿಸುವ ಮುಂಚೆ ಎಲ್ಲಾ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ, ಮುಂಗಡದ ಹಣ ವಾಪಸ್ ಬರುವವರೆಗೂ ಅಳಿಸಬೇಡಿ.